ತೀರ್ಪುಗಾರರ ಮೇಜನ್ನು ತಲುಪದ ನಮ್ಮ ಚಿತ್ರಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಶಿರಸಿ ಸಮೀಪದ ಹಳ್ಳಿಯೊಂದರಲ್ಲಿರುವ ಯುವ ಕಲಾವಿದೆಯೊಬ್ಬರ ಮನೆಗೆ ಕಳೆದ ಮಳೆಗಾಲದ ಕೊನೆಯಲ್ಲಿ ಹೋಗಿದ್ದೆ. ಬೆಂಗಳೂರಿನಲ್ಲಿ ಚಿತ್ರಕಲೆಯ ಸ್ನಾತಕೋತ್ತರ ಪದವಿ ಪಡೆದು ಊರಿಗೆ ಮರಳಿದ ಅವರು, ಅಡಿಕೆ ಅಟ್ಟದ ಕೆಳಗಿನ ಉದ್ದನೆಯ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಆರು ವರ್ಷಗಳಿಂದ ಬಿಡದೆ ಕೆಲಸ ಮಾಡುತ್ತಿದ್ದಾರೆ. ಗೋಡೆಗೆ ಒರಗಿಸಿಟ್ಟ ಇಪ್ಪತ್ತಕ್ಕೂ ಹೆಚ್ಚು ಕ್ಯಾನ್ವಾಸುಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸುತ್ತಿದ್ದಾಗ, ಅಮೆರಿಕದ ಪ್ರತಿಷ್ಠಾನವೊಂದರ ಅನುದಾನಕ್ಕೆ ಅರ್ಜಿ ತುಂಬಲು ಹೊರಟು ಅರ್ಧಕ್ಕೆ ಕೈಬಿಟ್ಟ ಸಂಗತಿಯನ್ನು ಹೇಳಿದರು. ಕೊನೆಯ ದಿನದ ಸಂಜೆ ಗಾಳಿಮಳೆಗೆ ಕರೆಂಟು ಹೋಗಿ, ಸ್ವಲ್ಪ ಹೊತ್ತಿನಲ್ಲಿ ಮೊಬೈಲ್ ಟವರ್ ಕೂಡ ನಿಂತಿತು. ರಾತ್ರಿ 12 ಗಂಟೆ ದಾಟಿದ ಮೇಲೆ ಅವಧಿ ಮುಗಿಯಿತೆಂದು ತಿಳಿದು ಮಲಗಿಬಿಟ್ಟರು. ಬೆಳಿಗ್ಗೆ 7ಕ್ಕೆ ಕರೆಂಟು ಬಂದಿತ್ತು. ನ್ಯೂಯಾರ್ಕಿನ ಮಧ್ಯರಾತ್ರಿಯೆಂದರೆ ಅಲ್ಲಿಯ ಬೇಸಿಗೆಯ ಗಡಿಯಾರದಂತೆ ನಮಗೆ ಮರುದಿನ ಬೆಳಿಗ್ಗೆ 9.30. ಎರಡೂವರೆ ಗಂಟೆಯ ಕಾಲಾವಕಾಶ ಇನ್ನೂ ಉಳಿದಿತ್ತು, ಆದರೆ ಅದನ್ನು ಅವರಿಗೆ ತಿಳಿಸುವವರು ಯಾರೂ ಇರಲಿಲ್ಲ.

ನಾನು ಕುಮಟಾದವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ದುಡಿದು ನಿವೃತ್ತನಾದೆ, ಆ ಅವಧಿಯುದ್ದಕ್ಕೂ ಸಂಜೆ ಮತ್ತು ರಜೆಯ ವೇಳೆಯಲ್ಲಿ ಚಿತ್ರ ಬರೆಯುವುದನ್ನು ಬಿಡಲಿಲ್ಲ. ಕಲಾವಿದರಿಗೆ ಉಳಿದು ಕೆಲಸ ಮಾಡಲು ಜಾಗ ಕೊಡುವ ವಿದೇಶಿ ರೆಸಿಡೆನ್ಸಿಗಳಿಗೆ 12 ಬಾರಿ ಅರ್ಜಿ ಹಾಕಿ, 11 ಬಾರಿ ತಿರಸ್ಕೃತನಾಗಿ, ಒಮ್ಮೆ ಮಾತ್ರ ಆಯ್ಕೆಯಾಗಿ ಯುರೋಪಿನಲ್ಲಿ ಮೂರು ತಿಂಗಳು ಇದ್ದು ಬಂದಿದ್ದೇನೆ. ಆ 11 ಅರ್ಜಿಗಳನ್ನು ಈಗ ತೆರೆದು ನೋಡಿದರೆ, ಅವುಗಳಲ್ಲಿ ಏಳಾದರೂ ಚಿತ್ರಗಳ ಗುಣದೋಷದಿಂದಲ್ಲ, ಅರ್ಜಿಯ ದೋಷದಿಂದಲೇ ಬಿದ್ದಿರಬೇಕೆಂಬುದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಜಿಲ್ಲೆಯ ಕಲಾವಿದರು ಸೋಲುತ್ತಿರುವುದು ತೀರ್ಪುಗಾರರ ಎದುರಲ್ಲ, ಅವರ ಮೇಜನ್ನು ತಲುಪುವ ಮೊದಲೇ ಎಂಬುದನ್ನೂ, ಇದರ ಪರಿಹಾರಕ್ಕೆ ದೊಡ್ಡ ಹಣವಾಗಲಿ ದೊಡ್ಡ ಕಟ್ಟಡವಾಗಲಿ ಬೇಕಿಲ್ಲ ಎಂಬುದನ್ನೂ ತಮ್ಮ ಪತ್ರಿಕೆಯ ಮೂಲಕ ಓದುಗರ, ಅಧಿಕಾರಿಗಳ ಮತ್ತು ಕಾಲೇಜುಗಳ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಇಂಥ ಧನಸಹಾಯಗಳು ಶ್ರೀಮಂತರ ಮಕ್ಕಳಿಗೆ, ದಿಲ್ಲಿ ಮುಂಬಯಿಯವರಿಗೆ ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು ಎನ್ನುವುದಕ್ಕೆ ಒಂದೇ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನ್ಯೂಯಾರ್ಕಿನ ಪೊಲಾಕ್-ಕ್ರಾಸ್ನರ್ ಪ್ರತಿಷ್ಠಾನವು 1985ರಲ್ಲಿ ಸ್ಥಾಪನೆಯಾದದ್ದು ಲೀ ಕ್ರಾಸ್ನರ್ ಎಂಬ ಚಿತ್ರ ಕಲಾವಿದೆಯ ಮೃತ್ಯುಪತ್ರದಿಂದ. ಅವರೂ ಅವರ ಪತಿ ಜಾಕ್ಸನ್ ಪೊಲಾಕ್ ಅವರೂ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ಅಮೆರಿಕ ಸರ್ಕಾರವು ನಿರುದ್ಯೋಗಿ ಕಲಾವಿದರಿಗೆ ಸಂಬಳ ಕೊಟ್ಟು ಚಿತ್ರ ಬರೆಸಿದ ಯೋಜನೆಯಲ್ಲಿ ದುಡಿದು ಬದುಕಿದವರು. 1945ರಲ್ಲಿ ಹಳ್ಳಿಯ ಮನೆಯೊಂದನ್ನು ಕೊಳ್ಳುವಾಗ ಮುಂಗಡ ಹಣಕ್ಕೂ ಕಲಾಪೋಷಕಿ ಪೆಗಿ ಗುಗೆನ್‌ಹೈಮ್ ಅವರಿಂದ ಸಾಲ ತೆಗೆದವರು. ಪೊಲಾಕ್ 1956ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಪತಿಯ ಚಿತ್ರಗಳ ಬೆಲೆ ಏರಿದ ಕಾಲದಲ್ಲಿ ಅವುಗಳನ್ನು ಜತನವಾಗಿ ಕಾಯ್ದುಕೊಂಡಿದ್ದ ಕ್ರಾಸ್ನರ್ 1984ರಲ್ಲಿ ತೀರಿಕೊಳ್ಳುವ ಮೊದಲು, ತಮ್ಮ ಆಸ್ತಿಯು ಕಷ್ಟದಲ್ಲಿರುವ ಕಲಾವಿದರಿಗೆ ಸಲ್ಲಬೇಕೆಂದು ಬರೆದಿಟ್ಟರು. ಹೀಗಾಗಿ ಆ ಪ್ರತಿಷ್ಠಾನವು ನೋಡುವುದು ಎರಡನ್ನು: ಚಿತ್ರದ ಗುಣಮಟ್ಟ ಮತ್ತು ಕಲಾವಿದನ ಹಣಕಾಸಿನ ನಿಜವಾದ ಅಗತ್ಯ. ಚಿತ್ರಕಾರರು, ಶಿಲ್ಪಿಗಳು, ಕಾಗದದ ಮೇಲೆ ಕೆಲಸ ಮಾಡುವವರು ಮತ್ತು ಮುದ್ರಣ ಕಲಾವಿದರು ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಮಂಜೂರಾಗುವ ಮೊತ್ತ ಗರಿಷ್ಠ 50,000 ಡಾಲರ್ ವರೆಗೂ ಇರುತ್ತದೆ. ಬಣ್ಣ, ಕ್ಯಾನ್ವಾಸ್, ಸ್ಟುಡಿಯೊ ಬಾಡಿಗೆಗಳಿಗಷ್ಟೇ ಅಲ್ಲದೆ ದಿನನಿತ್ಯದ ಜೀವನ ವೆಚ್ಚಕ್ಕೂ ಅದನ್ನು ಬಳಸಬಹುದು. ವಿದ್ಯಾರ್ಥಿಗಳಿಗೆ ಅವಕಾಶವಿಲ್ಲ. ನ್ಯೂಯಾರ್ಕಿನಲ್ಲೇ ಇರುವ ಗಾಟ್ಲೀಬ್ ಪ್ರತಿಷ್ಠಾನವು, ಅಡಾಲ್ಫ್ ಗಾಟ್ಲೀಬ್ ಅವರ ನಿಧನದ ನಂತರ 1976ರಲ್ಲಿ ಆರಂಭವಾದದ್ದು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕನಿಷ್ಠ 20 ವರ್ಷ ಪಕ್ವವಾಗಿ ಕೆಲಸ ಮಾಡಿದ ಚಿತ್ರಕಾರರು, ಶಿಲ್ಪಿಗಳು ಮತ್ತು ಮುದ್ರಣ ಕಲಾವಿದರಿಗಾಗಿಯೇ ಒಂದು ಅನುದಾನವನ್ನು ಇಟ್ಟಿದೆ. ಐವತ್ತು ದಾಟಿದರೆ ಕಲಾವಿದನಿಗೆ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ ಎಂದುಕೊಂಡಿರುವ ನನ್ನ ವಾರಿಗೆಯವರು ಇದನ್ನು ದಯವಿಟ್ಟು ಗಮನಿಸಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಗತ್ಯವನ್ನು ಅಂಕಿಗಳಲ್ಲಿ ಬರೆದು ತೋರಿಸಲು ನಮ್ಮವರು ಸಂಕೋಚಪಡುತ್ತಾರೆ. ವರ್ಷಕ್ಕೆ ಎಷ್ಟು ಚಿತ್ರ ಮಾರಾಟವಾಯಿತು, ಗಣಪತಿ ಮಾಡಿ ಎಷ್ಟು ಗಳಿಸಿದೆ, ಮಕ್ಕಳಿಗೆ ಪಾಠ ಹೇಳಿ ಎಷ್ಟು ಬಂತು, ಮನೆಯ ಖರ್ಚು ಎಷ್ಟು ಎಂಬ ಲೆಕ್ಕವನ್ನು ಪರದೇಶದವರೆದುರು ಇಡುವುದು ಮರ್ಯಾದೆಗೆ ಕಡಿಮೆ ಎಂದು ಭಾವಿಸಿ, ಆ ಕಾಲಮ್ಮಿನಲ್ಲಿ ಇಲ್ಲದ ಸ್ಥಿತಿವಂತಿಕೆಯನ್ನು ತುಂಬಿದ ಹಿರಿಯರೊಬ್ಬರನ್ನು ನಾನು ಬಲ್ಲೆ. ಕ್ರಾಸ್ನರ್ ಅವರ ಬದುಕನ್ನು ತಿಳಿದವರು ಹಾಗೆ ಬರೆಯಲಾರರು.

ರೆಸಿಡೆನ್ಸಿ ಎಂಬುದು ಇದಕ್ಕಿಂತ ಬೇರೆ. ಕಲಾವಿದನಿಗೆ ಕೆಲವು ವಾರಗಳಿಂದ ಹಿಡಿದು ಎರಡು ವರ್ಷಗಳವರೆಗೆ ಇರಲು ಜಾಗ, ಕೆಲಸಕ್ಕೆ ಸ್ಟುಡಿಯೊ ಮತ್ತು ಸಹವಾಸ ಒದಗಿಸುವ ವ್ಯವಸ್ಥೆಯಿದು. ಅಮೆರಿಕದ ನ್ಯೂಹ್ಯಾಂಪ್‌ಶೈರ್ ರಾಜ್ಯದ ಮ್ಯಾಕ್‌ಡವೆಲ್ 1907ರಿಂದ ನಡೆದುಬಂದಿದೆ. ಅಲ್ಲಿ ಕಾಡಿನ ನಡುವೆ ಚದುರಿದಂತಿರುವ ಸ್ಟುಡಿಯೊಗಳ ಬಾಗಿಲ ಬಳಿ ಮಧ್ಯಾಹ್ನದ ಊಟದ ಬುಟ್ಟಿಯನ್ನು ಸದ್ದಿಲ್ಲದೆ ಇಟ್ಟು ಹೋಗುತ್ತಾರೆ, ಒಳಗೆ ಕೆಲಸದಲ್ಲಿರುವವರ ಏಕಾಗ್ರತೆ ಕದಡಬಾರದೆಂದು. ಅಡಿಗೆ, ಕೊಟ್ಟಿಗೆ, ಮನೆಮಂದಿಯ ಔಷಧೋಪಚಾರಗಳ ನಡುವೆ ಒಂದೊಂದು ಗಂಟೆಯನ್ನು ಕದ್ದು ಚಿತ್ರ ಬರೆಯುವ ನಮ್ಮ ಕಲಾವಿದೆಯರಿಗೆ ಆ ಬುಟ್ಟಿಯ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಅಕಾಡೆಮಿಯಲ್ಲಿ ಎರಡು ವರ್ಷ ಇರಬಹುದು. ಸ್ವಿಟ್ಜರ್ಲೆಂಡಿನ ಕಲಾ ಮಂಡಳಿಯಾದ ಪ್ರೊ ಹೆಲ್ವೇಶಿಯಾ 2007ರಿಂದ ದಿಲ್ಲಿಯಲ್ಲಿ ಕಚೇರಿ ಹೊಂದಿದ್ದು, ನಮ್ಮ ಭಾಗದ ಕಲಾವಿದರನ್ನು ಆ ದೇಶಕ್ಕೆ ಕರೆಸಿಕೊಳ್ಳುತ್ತದೆ. ಬ್ರಿಟನ್ನಿಗೆ ಹೋಗಬಯಸುವ ಭಾರತೀಯರಿಗೆ 1981ರಿಂದ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಇದೆ, ಎಳೆಯರಿಗೆ ಇನ್‌ಲ್ಯಾಕ್ಸ್ ಪ್ರತಿಷ್ಠಾನವಿದೆ. ಪ್ಯಾರಿಸ್ಸಿನಲ್ಲಿ 1965ರಲ್ಲಿ ಆರಂಭವಾದ ಸಿತೆ ಇಂಟರ್‌ನಾಸ್ಯೊನಾಲ್ ದೆಸ್ ಆರ್ತ್ಸ್‌ನಲ್ಲಿ 300ಕ್ಕೂ ಹೆಚ್ಚು ಸ್ಟುಡಿಯೊಗಳಿವೆ, ಆದರೆ ಪೋಷಕ ಸಂಸ್ಥೆಯ ನೆರವಿಲ್ಲದಿದ್ದರೆ ವಾಸದ ಶುಲ್ಕವನ್ನು ಕಲಾವಿದರೇ ಭರಿಸಬೇಕಾಗುತ್ತದೆ.

ಈ ಕೊನೆಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಎಲ್ಲ ಖರ್ಚನ್ನೂ ಅವರೇ ವಹಿಸುವ ರೆಸಿಡೆನ್ಸಿ, ಜಾಗ ಮಾತ್ರ ಕೊಟ್ಟು ಉಳಿದದ್ದನ್ನು ನಮಗೆ ಬಿಡುವ ರೆಸಿಡೆನ್ಸಿ, ನಮ್ಮಿಂದಲೇ ಹಣ ಪಡೆಯುವ ರೆಸಿಡೆನ್ಸಿ, ಮೂರೂ ಒಂದೇ ಹೆಸರಿನಲ್ಲಿ ನಡೆಯುತ್ತವೆ. ಹಣ ಪಡೆಯುವ ಕಡೆಗಳೆಲ್ಲ ಮೋಸವೆಂದು ನಾನು ಹೇಳುವುದಿಲ್ಲ, ಕೆಲವು ಕಡೆ ಒಳ್ಳೆಯ ಮುದ್ರಣ ಯಂತ್ರವೂ ಒಳ್ಳೆಯ ಮಾರ್ಗದರ್ಶನವೂ ಸಿಗುತ್ತವೆ. ಆದರೆ ತಾನಾಗಿಯೇ ಮಿಂಚಂಚೆ ಕಳಿಸಿ, ನಿಮ್ಮ ಚಿತ್ರವನ್ನು ಮೆಚ್ಚಿ ಆಯ್ಕೆ ಮಾಡಿದ್ದೇವೆ ಎಂದು ಹೇಳಿ, ನಂತರ ನೋಂದಣಿಗೆ, ಕೆಟಲಾಗಿಗೆ, ಗೋಡೆಯ ಜಾಗಕ್ಕೆ ಎಂದು ಹಣ ಕೇಳುವ ಸಂಸ್ಥೆಗಳಿಂದ ದೂರವಿರುವುದೇ ಲೇಸು. ಅಂಕೋಲೆಯ ಸ್ನೇಹಿತರೊಬ್ಬರು ಇಂಥ ಒಂದು ಆಹ್ವಾನಕ್ಕೆ ಹೆಂಡತಿಯ ಬಳೆಗಳನ್ನು ಅಡವಿಟ್ಟು ಹಣ ಕಟ್ಟಿದರು. ಅವರ ಎರಡು ಚಿತ್ರಗಳು ಹೋಟೆಲೊಂದರ ಕಾರಿಡಾರಿನಲ್ಲಿ ಎರಡು ದಿನ ತೂಗಿದವು, ಅಷ್ಟೇ. ಬಳೆ ಬಿಡಿಸಲು ಅವರಿಗೆ ಮೂರು ವರ್ಷ ಹಿಡಿಯಿತು.

ಅರ್ಜಿಯ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ಕಳಕಳಿಯೆಲ್ಲ ಅಲ್ಲಿದೆ. ತೀರ್ಪುಗಾರರು ನಮ್ಮ ಚಿತ್ರವನ್ನು ನೋಡುವುದಿಲ್ಲ, ಚಿತ್ರದ ಫೋಟೊವನ್ನು ನೋಡುತ್ತಾರೆ. ಶಿರಸಿಯ ಆ ಕಲಾವಿದೆ ಕಳಿಸಲು ಸಿದ್ಧಪಡಿಸಿದ್ದ ಹತ್ತು ಫೋಟೊಗಳನ್ನು ನಾನು ನೋಡಿದೆ. ಜಗಲಿಯ ಕಂಬಕ್ಕೆ ಒರಗಿಸಿ ಸಂಜೆಯ ಬಿಸಿಲಿನಲ್ಲಿ ಮೊಬೈಲಿನಿಂದ ತೆಗೆದವು. ಕ್ಯಾನ್ವಾಸಿನ ಮೇಲಂಚು ಕಿರಿದಾಗಿ ಕೆಳಗಂಚು ಅಗಲವಾಗಿತ್ತು, ಒಂದರಲ್ಲಿ ಪಕ್ಕದ ಬಕೆಟ್ಟು, ಇನ್ನೊಂದರಲ್ಲಿ ತೆಗೆಯುವವರ ನೆರಳು, ಎಲ್ಲದರಲ್ಲೂ ಬಿಳಿ ಬಣ್ಣವು ಹಳದಿಯಾಗಿ ಕಾಣುತ್ತಿತ್ತು. ಅವರ ಚಿತ್ರಗಳ ಜೀವವಿರುವುದೇ ಒಂದು ಬಗೆಯ ತೆಳು ನೀಲಿಯಲ್ಲಿ, ಆ ನೀಲಿ ಫೋಟೊಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅದೇ ದಿನ ಮಧ್ಯಾಹ್ನ ಮೋಡ ಕವಿದ ಹೊತ್ತಿನಲ್ಲಿ ನಾವಿಬ್ಬರೂ ಒಂದು ಕ್ಯಾನ್ವಾಸನ್ನು ಅಂಗಳಕ್ಕೆ ತಂದು, ಹಿಂದೆ ಕರಿ ಬಟ್ಟೆ ಕಟ್ಟಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ಅದರ ಕಣ್ಣು ಕ್ಯಾನ್ವಾಸಿನ ನಟ್ಟನಡುವಿಗೆ ಸರಿಯಾಗಿ ಬರುವಂತೆ ದಾರ ಹಿಡಿದು ಅಳೆದು, ಫ್ಲ್ಯಾಷ್ ಇಲ್ಲದೆ, ಬಿಳಿ ಹಾಳೆಯೊಂದನ್ನು ಪಕ್ಕದಲ್ಲಿಟ್ಟು ಬಣ್ಣ ಹೊಂದಿಸಿ ಒಂದು ಫೋಟೊ ತೆಗೆದೆವು. ಅದನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದಾಗ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ನಂತರ, "ಸರ್, ಇಷ್ಟು ದಿನ ನಾನು ಕಳಿಸಿದ್ದು ನನ್ನ ಚಿತ್ರವನ್ನೇ ಅಲ್ಲ" ಎಂದರು.

ಎರಡನೆಯ ತೊಡಕು ಬರವಣಿಗೆಯದು. ಕಲಾವಿದರು ತಮ್ಮ ಕೆಲಸದ ಬಗ್ಗೆ ಒಂದು ಪುಟ ಬರೆಯಬೇಕು, ಅದೂ ಇಂಗ್ಲಿಷಿನಲ್ಲಿ. ಆಕೆ ಬರೆದಿದ್ದ ಪುಟದಲ್ಲಿ ಪ್ರಕೃತಿಯೇ ನನ್ನ ಸ್ಫೂರ್ತಿ, ಬಣ್ಣಗಳ ಮೂಲಕ ಭಾವನೆಗಳನ್ನು ವ್ಯಕ್ತಪಡಿಸುತ್ತೇನೆ ಎಂಬಂಥ, ಯಾವ ಕಲಾವಿದರಾದರೂ ಬರೆಯಬಹುದಾದ ವಾಕ್ಯಗಳಿದ್ದವು. ಈ ನೀಲಿ ಎಲ್ಲಿಯದು ಎಂದು ಕೇಳಿದೆ. ಒಳಗೆ ಹೋಗಿ ಅಪ್ಪನ ಹಳೆಯ ಅಂಗಿಯೊಂದನ್ನು ತಂದು ತೋರಿಸಿದರು. ಕೊಳೆರೋಗಕ್ಕೆ ಅಡಿಕೆ ಮರದ ಮೇಲೆ ಬೋರ್ಡೊ ದ್ರಾವಣ ಹೊಡೆದು ಹೊಡೆದು, ಮೈಲುತುತ್ತದ ನೀಲಿ ಮತ್ತು ಸುಣ್ಣದ ಬಿಳಿ ಸೇರಿದ ಕಲೆಗಳು ಹೆಗಲಿನಿಂದ ತೋಳಿನವರೆಗೆ ಆಕಾಶದ ಹಾಗೆ ಹರಡಿಕೊಂಡಿದ್ದವು, ಎಷ್ಟು ಒಗೆದರೂ ಹೋಗದೆ ಉಳಿದಿದ್ದವು. ಪ್ರತಿ ಮಳೆಗಾಲದಲ್ಲಿ ಔಷಧ ಹೊಡೆದು ಬಂದ ಅಪ್ಪನ ಮೈಯೇ ನೀಲಿಯಾಗಿರುತ್ತಿತ್ತು, ಆ ಬಣ್ಣವನ್ನು ಹಿಡಿಯಲು ಆರು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ ಎಂದರು. ಇದನ್ನೇ ಏಕೆ ಬರೆಯಲಿಲ್ಲ ಎಂದರೆ, ಇದು ಕಲೆಯ ಮಾತಲ್ಲವಲ್ಲ ಸರ್, ಮನೆಯ ಮಾತು ಎಂದರು. ಸಂಪಾದಕರೆ, ಈ ಮನೆಯ ಮಾತು ಕನ್ನಡದಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ನಾನು ಅಲ್ಲೇ ಕುಳಿತು ಬರೆದುಕೊಂಡೆ. ಮೊದಲು ಕನ್ನಡದಲ್ಲಿ ಪೂರ್ತಿ ಬರೆದು, ಆಮೇಲೆ ಬಲ್ಲವರಿಂದ ಇಂಗ್ಲಿಷಿಗೆ ತರಿಸುವುದು ಸರಿಯಾದ ದಾರಿಯೆಂದು ನನ್ನ ಅನುಭವ. ನೇರ ಇಂಗ್ಲಿಷಿನಲ್ಲಿ ಬರೆಯಲು ಹೊರಟಾಗ ನಮಗೆ ಬರುವ ನಾಲ್ಕು ವಾಕ್ಯಗಳೇ ನಮ್ಮ ಕಲೆಯ ಗಡಿಯಾಗಿಬಿಡುತ್ತವೆ.

ಈ ವಿಷಯದಲ್ಲಿ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. 1993ರಲ್ಲಿ ಸ್ಥಾಪನೆಯಾಗಿ 1995ರಿಂದ ಅನುದಾನ ಕೊಡುತ್ತಿರುವ ಆ ಸಂಸ್ಥೆಯು ಪ್ರಸ್ತಾವಗಳನ್ನು ಭಾರತದ ಯಾವ ಭಾಷೆಯಲ್ಲಾದರೂ, ಎಂದರೆ ಕನ್ನಡದಲ್ಲಿಯೂ, ಸ್ವೀಕರಿಸುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ಪು ಕೂಡ ಇದೆ. 25ರಿಂದ 40 ವರ್ಷದವರಿಗೆ ತಿಂಗಳಿಗೆ 10,000 ರೂಪಾಯಿ, 40 ದಾಟಿದವರಿಗೆ 20,000 ರೂಪಾಯಿಯಂತೆ ಎರಡು ವರ್ಷ ದೊರೆಯುವ ಈ ನೆರವಿನಲ್ಲಿ ದೃಶ್ಯಕಲೆಯೂ ಸೇರಿದೆ. ವಿದೇಶಕ್ಕೆ ಅರ್ಜಿ ಹಾಕುವ ಮೊದಲು ಇಂಥ ಒಂದೆರಡನ್ನು ಪಡೆದಿರುವುದು ತುಂಬ ಸಹಾಯಕ್ಕೆ ಬರುತ್ತದೆ, ಏಕೆಂದರೆ ಶಿಫಾರಸು ಪತ್ರ ಬರೆಯಬಲ್ಲವರ ಪರಿಚಯವಾಗುವುದು ಅಲ್ಲಿಯೇ. ಶಿಫಾರಸು ಪತ್ರವೆಂದರೆ ಊರಿನ ಗಣ್ಯರ ಪ್ರಶಂಸಾಪತ್ರವಲ್ಲ; ನಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಹಿರಿಯ ಕಲಾವಿದರೋ ಪ್ರದರ್ಶನಗಳನ್ನು ರೂಪಿಸುವ ಕ್ಯುರೇಟರೋ ಕಲಾ ವಿಮರ್ಶಕರೋ ಬರೆಯಬೇಕಾದದ್ದು.

ನಮ್ಮ ಜಿಲ್ಲೆಗೇ ವಿಶಿಷ್ಟವಾದ ಇನ್ನೊಂದು ತೊಡಕನ್ನೂ ಇಲ್ಲಿ ಹೇಳಬೇಕು. ಕಾವಿ ಕಲೆ, ಹಸೆ ಚಿತ್ತಾರ, ಗುಡಿಗಾರರ ಕೆತ್ತನೆ ಮತ್ತು ಬೆಂಡಿನ ಕೆಲಸಗಳ ನಡುವೆ ಹುಟ್ಟಿ ಬೆಳೆದವರು ನಾವು. ಸುಣ್ಣದ ಗಾರೆಯ ಮೇಲೆ ಕಾವಿಯ ಕೆಂಪು ಪದರ ಹಚ್ಚಿ, ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರತರುವ ಕಾವಿ ಚಿತ್ರಗಳನ್ನು ಶಿರಸಿಯ ಮಾರಿಕಾಂಬಾ ದೇವಸ್ಥಾನದಂಥ ಗುಡಿಗಳ ಗೋಡೆಗಳ ಮೇಲೆ ನಮ್ಮ ಹಿರಿಯರು ಕಂಡಿದ್ದರು. ಹೊನ್ನಾವರದಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು ಕರಾವಳಿಯುದ್ದಕ್ಕೂ ಅಲೆದು ಅವನ್ನು ದಾಖಲಿಸದಿದ್ದರೆ ಎಷ್ಟೋ ಗೋಡೆಗಳ ನೆನಪೂ ನಮಗೆ ಉಳಿಯುತ್ತಿರಲಿಲ್ಲ. ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಹಸೆ ಚಿತ್ತಾರದ ಗೆರೆ ಎಳೆಯುವ ದೀವರ ಹೆಣ್ಣುಮಕ್ಕಳ ಕೈ ಯಾವ ಚಿತ್ರಶಾಲೆಯಲ್ಲಿ ಕಲಿತವರ ಕೈಗೂ ಕಡಿಮೆಯಲ್ಲ. ಆದರೆ ವಿದೇಶಿ ಪ್ರತಿಷ್ಠಾನಗಳ ನಿಯಮಗಳಲ್ಲಿ ಚಿತ್ರಕಾರ ಬೇರೆ, ಕುಶಲಕರ್ಮಿ ಬೇರೆ. ಮೇಲೆ ಹೇಳಿದ ಪೊಲಾಕ್-ಕ್ರಾಸ್ನರ್ ಪ್ರತಿಷ್ಠಾನವೂ ಕರಕುಶಲ ಕೆಲಸದವರ ಅರ್ಜಿಯನ್ನು ಪರಿಗಣಿಸುವುದಿಲ್ಲ. ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ, ಆದರೆ ನಿಯಮ ಅದಾಗಿರುವವರೆಗೆ ನಮ್ಮವರು ಅರ್ಜಿ ತುಂಬುವಾಗ ಜಾಗರೂಕರಾಗಿರಬೇಕು. ಕಾವಿಯ ವಿಧಾನದಲ್ಲಿ ಇಂದಿನ ಬದುಕನ್ನು ಚಿತ್ರಿಸುವ ತರುಣನೊಬ್ಬ, ಹೊರಗಿನವರಿಗೆ ಆಕರ್ಷಕವಾಗಿ ಕಾಣಲೆಂದು ತನ್ನನ್ನು ಜನಪದ ಕರಕುಶಲಕರ್ಮಿ ಎಂದು ಬರೆದುಕೊಂಡರೆ, ಅರ್ಜಿ ಮೊದಲ ಸೋಸುವಿಕೆಯಲ್ಲೇ ಹೊರಬೀಳುತ್ತದೆ. ತಾನು ಗಾರೆಯ ಮೇಲೆ ಕೆಲಸ ಮಾಡುವ ಚಿತ್ರಕಾರ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು. ಗುಡಿಗಾರರಿಗೂ ಹಸೆ ಬರೆಯುವ ಹೆಣ್ಣುಮಕ್ಕಳಿಗೂ ಬೇರೆ ಯೋಜನೆಗಳನ್ನು ಹುಡುಕಿ ತೋರಿಸುವುದು ನಮ್ಮ ಸರ್ಕಾರದ ಮತ್ತು ಅಕಾಡೆಮಿಗಳ ಹೊಣೆ.

ಆಯ್ಕೆಯಾದ ಮೇಲೂ ಕಷ್ಟ ಮುಗಿಯುವುದಿಲ್ಲ. ನನ್ನ ಬ್ಯಾಂಕ್ ಖಾತೆಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇತ್ತು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು ಪೂರ್ತಿಯಾಗಿದ್ದವು. ರೆಸಿಡೆನ್ಸಿಯವರು ಪ್ರಯಾಣ ವೆಚ್ಚಕ್ಕೆಂದು ಕಳಿಸಿದ ಹಣ ಈ ಎರಡು ಹೆಸರುಗಳು ತಾಳೆಯಾಗಲಿಲ್ಲವೆಂದು ಹಿಂತಿರುಗಿ ಹೋಯಿತು. ನನ್ನ ಖಾತೆಯಿದ್ದ ಶಾಖೆಯಲ್ಲಿ ವಿದೇಶಿ ಹಣ ಸ್ವೀಕರಿಸುವ ಸ್ವಿಫ್ಟ್ ಸಂಕೇತವೇ ಇರಲಿಲ್ಲ, ಯಾವ ಶಾಖೆಯ ಮೂಲಕ ತರಿಸಬೇಕೆಂದು ಹೇಳಲು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಮೂರು ವಾರ ಓಡಾಡಿದ ಮೇಲೆ ಸರಿಹೋಯಿತಾದರೂ ಅಷ್ಟರಲ್ಲಿ ವಿಮಾನದ ಟಿಕೆಟ್ಟಿನ ದರ ಏರಿತ್ತು, ವ್ಯತ್ಯಾಸವನ್ನು ಭವಿಷ್ಯ ನಿಧಿಯಿಂದ ತುಂಬಿದೆ. ವೀಸಾಕ್ಕೆ ಬೆರಳಚ್ಚು ಕೊಡಲು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಎರಡು ಬಾರಿ ಹೋದೆ, ಮೊದಲ ಸಲ ವಿಮೆಯ ಪತ್ರದಲ್ಲಿ ಮೊತ್ತ ಕಡಿಮೆಯಿತ್ತೆಂದು ವಾಪಸು ಬಂದೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ ಹೋಗುವವರು ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಹೊಂದಿರಬೇಕು, ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ, 90 ದಿನಗಳಿಗಿಂತ ಹೆಚ್ಚು ಇರುವವರಿಗೆ ಆಯಾ ದೇಶದ ದೀರ್ಘಾವಧಿ ವೀಸಾ ಬೇರೆಯೇ ಬೇಕು. ಇದೆಲ್ಲ ಗೊತ್ತಿದ್ದವರಿಗೆ ಸಣ್ಣ ವಿಷಯ, ಗೊತ್ತಿಲ್ಲದವರಿಗೆ ಕೈಗೆ ಬಂದ ಅವಕಾಶ ಜಾರುವಷ್ಟು ದೊಡ್ಡದು.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿಟ್ಟು ಹೆಮ್ಮೆಪಡುವ ನಾವು, ಅವರ ಬದುಕಿನ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1883ರಲ್ಲಿ, 22ರ ಹರೆಯದಲ್ಲಿ, ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಇದ್ದು, ಇಲ್ಲಿಯ ಕಡಲನ್ನೂ ಕಾಳಿ ನದಿಯನ್ನೂ ನೋಡುತ್ತ ಒಂದು ನಾಟಕವನ್ನು ಬರೆದರು. ಇರಲು ಮನೆ, ಊಟ, ಬಿಡುವು, ಎದುರಿಗೆ ಕಡಲು. ರೆಸಿಡೆನ್ಸಿ ಎಂದರೆ ಇದಕ್ಕಿಂತ ಹೆಚ್ಚೇನೂ ಅಲ್ಲ, ಅಣ್ಣನ ಜಾಗದಲ್ಲಿ ಒಂದು ಸಂಸ್ಥೆ ಇರುತ್ತದೆ. ಅರವತ್ತು ದಾಟಿದ ಮೇಲೆ ಅವರು ಚಿತ್ರ ಬರೆಯಲು ಗಂಭೀರವಾಗಿ ತೊಡಗಿದರು, ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆದದ್ದು 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ. ನೊಬೆಲ್ ಪ್ರಶಸ್ತಿ ಪಡೆದು 17 ವರ್ಷಗಳಾಗಿದ್ದ ಅವರಿಗೂ ಆ ಪ್ರದರ್ಶನವನ್ನು ಒದಗಿಸಿಕೊಡಲು ಅರ್ಜೆಂಟೀನಾದ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರು ಓಡಾಡಬೇಕಾಯಿತು. ಅಲ್ಲಿಂದ ಮುಂದೆ ಅದೇ ವರ್ಷ ಆ ಚಿತ್ರಗಳು ಬರ್ಲಿನ್, ಮಾಸ್ಕೊ, ನ್ಯೂಯಾರ್ಕುಗಳಿಗೂ ಹೋದವು. ಟ್ಯಾಗೋರರಿಗೇ ಒಬ್ಬ ಒಕಾಂಪೊ ಬೇಕಿದ್ದರೆ, ಶಿರಸಿಯ ಹಳ್ಳಿಯ ಹುಡುಗಿಗೆ ಬೇಡವೆ?

ಆದ್ದರಿಂದ ನನ್ನ ಮೊದಲ ವಿನಂತಿ ತಮ್ಮಲ್ಲಿಯೇ. ಉದ್ಯೋಗ ಮಾಹಿತಿಗೆ, ಅಡಿಕೆ ಧಾರಣೆಗೆ ಪತ್ರಿಕೆಯಲ್ಲಿ ಜಾಗವಿರುವಂತೆ, ತಿಂಗಳಿಗೆ ಒಮ್ಮೆ ಅರ್ಧ ಕಾಲಮ್ಮಿನಷ್ಟು ಜಾಗದಲ್ಲಿ ಕಲಾವಿದರ ಅನುದಾನ ಮತ್ತು ರೆಸಿಡೆನ್ಸಿಗಳ ಕೊನೆಯ ದಿನಾಂಕಗಳನ್ನು, ಭಾರತೀಯ ಸಮಯಕ್ಕೆ ಪರಿವರ್ತಿಸಿ, ಶುಲ್ಕವಿದೆಯೋ ಇಲ್ಲವೋ ಎಂಬ ಮಾಹಿತಿಯೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ. ಮಾಹಿತಿಯನ್ನು ಸಂಗ್ರಹಿಸಿ, ಪರಿಶೀಲಿಸಿ, ಕನ್ನಡದಲ್ಲಿ ಬರೆದು ಕೊಡುವ ಕೆಲಸವನ್ನು ಯಾವ ಪ್ರತಿಫಲವೂ ಇಲ್ಲದೆ ನಾನು ವಹಿಸಿಕೊಳ್ಳುತ್ತೇನೆ. ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳ ಆಡಳಿತ ಮಂಡಳಿಗಳು ಒಂದು ಖಾಲಿ ಕೋಣೆಯನ್ನು, ಎರಡು ದೀಪಗಳನ್ನು ಮತ್ತು ಒಂದು ಒಳ್ಳೆಯ ಕ್ಯಾಮೆರಾವನ್ನು ವರ್ಷಕ್ಕೆ ಎರಡು ಬಾರಿ ವಾರದ ಮಟ್ಟಿಗೆ ಬಿಟ್ಟುಕೊಟ್ಟರೆ ಜಿಲ್ಲೆಯ ಕಲಾವಿದರ ಚಿತ್ರಗಳೆಲ್ಲ ಸರಿಯಾಗಿ ದಾಖಲಾಗುತ್ತವೆ. ನಮ್ಮ ಮಳೆಯಲ್ಲಿ ಕ್ಯಾನ್ವಾಸಿಗೆ ಬೂಷ್ಟು ಹಿಡಿಯುವುದು ಎಷ್ಟು ಬೇಗ ಎಂದು ಬಲ್ಲವರಿಗೆ ಈ ದಾಖಲಾತಿ ಅರ್ಜಿಗಾಗಿ ಮಾತ್ರವಲ್ಲ ಎಂಬುದೂ ಗೊತ್ತಿರುತ್ತದೆ. ಇಂಗ್ಲಿಷ್ ಅಧ್ಯಾಪಕರು ವರ್ಷಕ್ಕೆ ಒಬ್ಬ ಕಲಾವಿದರ ಒಂದು ಪುಟವನ್ನು ಅನುವಾದಿಸಿ ಕೊಟ್ಟರೂ ಅದು ದೊಡ್ಡ ಉಪಕಾರ. ಕರ್ನಾಟಕ ಲಲಿತಕಲಾ ಅಕಾಡೆಮಿಯು ವಿದೇಶಿ ರೆಸಿಡೆನ್ಸಿಗೆ ಆಯ್ಕೆಯಾಗಿಯೂ ಪ್ರಯಾಣ ವೆಚ್ಚವಿಲ್ಲದೆ ಹಿಂದೆ ಸರಿಯುವವರಿಗಾಗಿ ಒಂದು ಸಣ್ಣ ನಿಧಿಯನ್ನು ಮೀಸಲಿಡುವ ಬಗ್ಗೆ ಯೋಚಿಸಬೇಕು. ಆಯ್ಕೆಯ ಕೆಲಸವನ್ನು ಅಲ್ಲಿಯ ತೀರ್ಪುಗಾರರೇ ಮಾಡಿ ಮುಗಿಸಿರುವುದರಿಂದ ಆಹ್ವಾನ ಪತ್ರವನ್ನು ನೋಡಿ ಟಿಕೆಟ್ಟಿನ ಹಣ ಕೊಟ್ಟರೆ ಸಾಕಾಗುತ್ತದೆ.

ಶಿರಸಿಯ ಕಲಾವಿದೆ ಈ ವರ್ಷ ಮತ್ತೆ ಅರ್ಜಿ ಹಾಕುತ್ತಿದ್ದಾರೆ. ಅಪ್ಪನ ಅಂಗಿಯ ಕಥೆಯನ್ನು ಕನ್ನಡದಲ್ಲಿ ಬರೆದು ಮುಗಿಸಿದ್ದಾರೆ, ಕುಮಟಾದ ಅಧ್ಯಾಪಕಿಯೊಬ್ಬರು ಅದನ್ನು ಇಂಗ್ಲಿಷಿಗೆ ತರುತ್ತಿದ್ದಾರೆ. ಉಳಿದ ಕ್ಯಾನ್ವಾಸುಗಳ ಫೋಟೊ ತೆಗೆಯಲು ದೀಪಾವಳಿ ಮುಗಿದ ಮೊದಲ ಭಾನುವಾರ ಕ್ಯಾಮೆರಾ, ಸ್ಟ್ಯಾಂಡು ಮತ್ತು ಕರಿ ಬಟ್ಟೆಯೊಂದಿಗೆ ನಾನು ಅವರ ಮನೆಗೆ ಹೋಗುತ್ತಿದ್ದೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಕಲಾವಿದರು ಯಾರಾದರೂ ತಮ್ಮ ಚಿತ್ರಗಳನ್ನು ತರುವುದಾದರೆ ತಮ್ಮ ಪತ್ರಿಕಾ ಕಚೇರಿಯ ಮೂಲಕ ನನಗೆ ಮೊದಲೇ ತಿಳಿಸಲಿ. ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಅಂಗಳದಲ್ಲಿ ಬೆಳಕು ಚೆನ್ನಾಗಿರುತ್ತದೆ. ದೊಡ್ಡ ಕ್ಯಾನ್ವಾಸುಗಳನ್ನು ಚೌಕಟ್ಟಿನಿಂದ ಬಿಚ್ಚಿ ತರುವವರು ಬಣ್ಣದ ಮೈ ಹೊರಗೆ ಬರುವಂತೆ ಸುತ್ತಬೇಕು, ಒಳಗೆ ಮಾಡಿ ಸುತ್ತಿದರೆ ಬಣ್ಣ ಸಿಡಿಯುತ್ತದೆ. ಪ್ರತಿ ಚಿತ್ರದ ಹೆಸರು, ವರ್ಷ, ಮಾಧ್ಯಮ ಮತ್ತು ಸೆಂಟಿಮೀಟರಿನಲ್ಲಿ ಅಳತೆಯನ್ನು ಒಂದು ಹಾಳೆಯಲ್ಲಿ ಬರೆದು ತರಲಿ, ಗಾಜು ಹಾಕಿಸಿದ ಚಿತ್ರಗಳಿದ್ದರೆ ಗಾಜನ್ನು ಮನೆಯಲ್ಲಿಯೇ ತೆಗೆದಿಟ್ಟು ಬರಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ,
ಕುಮಟಾ, ಉತ್ತರ ಕನ್ನಡ